ದುಬೈ, ಶಾರ್ಜಾಕ್ಕೆ ಹೊರಟ ಶಿಕ್ಷಕರಿಗೆ: ಮನೆ ಯಾವ ಏರಿಯಾದಲ್ಲಿ ಮಾಡಬೇಕು?

ಮಂಡ್ಯದಲ್ಲಿ ಮನೆ, ಮೈಸೂರಿನಲ್ಲಿ ಶಾಲೆ. ಬೆಳಗಿನ ರೈಲು ಹಿಡಿದು ದಿನಾ ಓಡಾಡುವ ಮೇಷ್ಟ್ರು, ಮೇಡಂಗಳು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ದೂರ ಸುಮಾರು 45 ಕಿಲೋಮೀಟರ್. ಸೀಟು ಸಿಕ್ಕರೆ ಇಳಿಯುವಷ್ಟರಲ್ಲಿ ಅರ್ಧ ಕ್ಲಾಸಿನ ಟೆಸ್ಟ್ ಪೇಪರ್ ತಿದ್ದಿ ಮುಗಿದಿರುತ್ತದೆ. ಈ ಅಭ್ಯಾಸ ಇರುವವರು ಮ್ಯಾಪಿನಲ್ಲಿ ಶಾರ್ಜಾ ಮತ್ತು ದುಬೈ ನೋಡಿದರೆ ‘ಇಷ್ಟೇನಾ, 15–20 ಕಿಲೋಮೀಟರ್’ ಅನ್ನುತ್ತಾರೆ. ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲಿ ಮನೆ ಹಿಡಿದು ದುಬೈನ ಶಾಲೆಗೆ ಓಡಾಡಲು ಶುರು ಮಾಡುತ್ತಾರೆ. ಮೂರನೇ ವಾರಕ್ಕೆ ತಪ್ಪು ಗೊತ್ತಾಗುತ್ತದೆ, ಆದರೆ ಅಷ್ಟು ಹೊತ್ತಿಗೆ ವರ್ಷದ ಕರಾರಿಗೆ ಸಹಿ ಬಿದ್ದಿರುತ್ತದೆ.

ಆ ಎರಡು ಊರಿನ ನಡುವೆ ಮೆಟ್ರೊ ಇಲ್ಲ. ಬೆಳಿಗ್ಗೆ ಶಾರ್ಜಾದಿಂದ ದುಬೈ ಕಡೆಗೆ, ಸಂಜೆ ದುಬೈಯಿಂದ ಶಾರ್ಜಾ ಕಡೆಗೆ ಇಡೀ ಜನಸಂಖ್ಯೆಯೇ ಹರಿಯುತ್ತದೆ. ಅಲ್ ಇತ್ತಿಹಾದ್ ರಸ್ತೆ ಇರಲಿ, ಶೇಖ್ ಮೊಹಮ್ಮದ್ ಬಿನ್ ಝಾಯೆದ್ ರಸ್ತೆ ಇರಲಿ, ಬೆಳಗಿನ ಹೊತ್ತು 15 ಕಿಲೋಮೀಟರ್ ದಾಟಲು ಒಂದು ಗಂಟೆ ಹಿಡಿದರೆ ಯಾರಿಗೂ ಆಶ್ಚರ್ಯವಿಲ್ಲ. ಇದೇ ರಸ್ತೆಯಲ್ಲಿ ಉಲ್ಟಾ ಹೋಗುವವರು, ಅಂದರೆ ದುಬೈನಲ್ಲಿ ಮನೆ, ಶಾರ್ಜಾದಲ್ಲಿ ಶಾಲೆ ಇರುವವರು, ಪಕ್ಕದ ನಿಂತ ಸಾಲನ್ನು ನೋಡುತ್ತಾ 20–25 ನಿಮಿಷದಲ್ಲಿ ತಲುಪುತ್ತಾರೆ. ಹಾಗಾಗಿ ಏರಿಯಾ ಹುಡುಕುವಾಗ ಬಾಡಿಗೆಯಿಂದ ಶುರು ಮಾಡಬೇಡಿ. ಶಾಲೆಯ ಗೇಟಿನಿಂದ ಶುರು ಮಾಡಿ ಹಿಂದಕ್ಕೆ ಬನ್ನಿ.

ಆಫರ್ ಲೆಟರ್ ಬಂದ ದಿನವೇ ಕೇಳಬೇಕಾದ್ದು

ಆಫರ್ ಲೆಟರಿನ ತಲೆಯ ಮೇಲೆ ಇರುವ ವಿಳಾಸ ಶಾಲೆಯದ್ದೇ ಅಂತ ನಂಬಬೇಡಿ. ಅಲ್ಲಿನ ಶಾಲಾ ಸಂಸ್ಥೆಗಳಿಗೆ ಎರಡು ಮೂರು ಕ್ಯಾಂಪಸ್ ಇರುವುದು ಸಾಮಾನ್ಯ, ಒಂದಕ್ಕೂ ಇನ್ನೊಂದಕ್ಕೂ 20 ಕಿಲೋಮೀಟರ್ ಇರಬಹುದು. ‘ನಾನು ಪಾಠ ಮಾಡುವ ಕ್ಯಾಂಪಸ್ ಯಾವುದು, ಅದರ ಮಕಾನಿ ನಂಬರ್ ಏನು’ ಎಂದು ಎಚ್‌ಆರ್‌ಗೆ ಬರೆದು ಕೇಳಿ. ಮಕಾನಿ ಎಂದರೆ ದುಬೈನ ಪ್ರತಿ ಕಟ್ಟಡದ ಬಾಗಿಲಿಗೂ ಕೊಟ್ಟಿರುವ 10 ಅಂಕಿಯ ಗುರುತು. ‘ಅಂಚೆ ಕಚೇರಿ ಹಿಂದೆ, ನೀರಿನ ಟ್ಯಾಂಕ್ ಎದುರು’ ಎಂದು ನಾವು ಹೇಳುವ ಗುರುತಿನ ಕೆಲಸವನ್ನು ಅಲ್ಲಿ ಈ ನಂಬರ್ ಮಾಡುತ್ತದೆ.

ಅದೇ ಪತ್ರದಲ್ಲಿ ಇನ್ನೂ ನಾಲ್ಕು ಪ್ರಶ್ನೆ ಸೇರಿಸಿ. ಶಿಕ್ಷಕರು ಎಷ್ಟು ಗಂಟೆಗೆ ಪಂಚ್ ಮಾಡಬೇಕು? (ಮಕ್ಕಳ ಬೆಲ್ ಸಮಯ ಬೇರೆ, ನಿಮ್ಮದು ಬೇರೆ. ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಸಾಮಾನ್ಯವಾಗಿ 7.00ರಿಂದ 7.30ರ ಒಳಗೆ ಹಾಜರಿರಬೇಕು.) ಪಾಳಿ ಇದೆಯೇ? ಶಾಲಾ ಬಸ್ಸಿನಲ್ಲಿ ಶಿಕ್ಷಕರಿಗೆ ಜಾಗ ಉಂಟೇ, ದುಡ್ಡು ಹಿಡಿಯುತ್ತಾರೆಯೇ? ವಸತಿ ಕೊಡುತ್ತಾರೆಯೇ, ಭತ್ಯೆ ಕೊಡುತ್ತಾರೆಯೇ, ಅಥವಾ ಎರಡೂ ಸಂಬಳದೊಳಗೇ ಸೇರಿದೆಯೇ? ಕೊನೆಯದಕ್ಕೆ ‘ಪ್ಯಾಕೇಜಿನಲ್ಲಿ ಎಲ್ಲಾ ಇದೆ’ ಎಂಬ ಉತ್ತರ ಬಂದರೆ ಬಿಡಿಸಿ ಕೇಳಿ. ಶಾಲೆ ಕೊಡುವ ವಸತಿ ಎಂದರೆ ಇಬ್ಬರು ಮೂವರು ಸಹೋದ್ಯೋಗಿಗಳ ಜೊತೆ ಒಂದೇ ಫ್ಲ್ಯಾಟು ಎಂದೂ ಇರಬಹುದು. ಮೊದಲ ವರ್ಷಕ್ಕೆ ಅದು ಕೆಟ್ಟ ಆಯ್ಕೆ ಏನಲ್ಲ.

ಬಸ್ ಇದೆ ಎಂದರೆ ಅಲ್ಲಿಗೇ ಬಿಡಬೇಡಿ, ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಹತ್ತಿರ ರೂಟ್ ಚಾರ್ಟ್ ಕೇಳಿ. ಸ್ಟಾಪುಗಳ ಹೆಸರಿಗಿಂತ ಅವುಗಳ ಕ್ರಮ ಮುಖ್ಯ. ಬಸ್ಸು ಮೊದಲು ಮುಟ್ಟುವ ಏರಿಯಾದಲ್ಲಿ ನೀವಿದ್ದರೆ 5.45ಕ್ಕೆ ಹತ್ತಿ, ಊರೆಲ್ಲಾ ಸುತ್ತಿ, ಕಿಂಡರ್‌ಗಾರ್ಟನ್ ಮಕ್ಕಳ ಅಳು ಕೇಳುತ್ತಾ ಹೋಗಬೇಕು. ಕೊನೆಯ ಎರಡು ಮೂರು ಸ್ಟಾಪಿನ ಹತ್ತಿರ ಮನೆ ಮಾಡಿದವರಿಗೆ ಅದೇ ಬಸ್ಸು 6.35ಕ್ಕೆ ಬರುತ್ತದೆ. ದಿನಕ್ಕೆ 50 ನಿಮಿಷ ಉಳಿತಾಯ, ಬಾಡಿಗೆಯಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ.

ಹಿಂದಕ್ಕೆ ಎಣಿಸುವ ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. ಪಂಚ್ 7.10ಕ್ಕೆ. ಬಸ್ಸು ಗೇಟಿಗೆ ಬರುವುದು 6.55ಕ್ಕೆ. ಪ್ರಯಾಣ 50 ನಿಮಿಷ, ಅಂದರೆ ಹತ್ತುವುದು 6.05ಕ್ಕೆ. ಸ್ಟಾಪಿಗೆ ನಡೆಯಲು 5 ನಿಮಿಷ. ಆಮೇಲೆ ಲಿಫ್ಟು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 20 ಮಹಡಿಯ ಕಟ್ಟಡಕ್ಕೆ ಮೂರು ಲಿಫ್ಟು, ಅದರಲ್ಲೊಂದು ರಿಪೇರಿ. ಬೆಳಿಗ್ಗೆ 6ರ ಸುಮಾರಿಗೆ ಪ್ರತಿ ಮಹಡಿಯಲ್ಲೂ ಬ್ಯಾಗು, ನೀರಿನ ಬಾಟಲಿ, ಅರ್ಧ ನಿದ್ದೆಯ ಮಗು. ಮೇಲಿನಿಂದ ತುಂಬಿಕೊಂಡೇ ಬರುವ ಲಿಫ್ಟು ನಿಮ್ಮ ಮಹಡಿಯಲ್ಲಿ ಬಾಗಿಲು ತೆರೆದು, ಒಳಗಿದ್ದವರೆಲ್ಲ ನಿಮ್ಮ ಮುಖ ನೋಡಿ, ಹಾಗೇ ಮುಚ್ಚಿಕೊಳ್ಳುತ್ತದೆ. 8–10 ನಿಮಿಷ ಇದಕ್ಕೇ ಎತ್ತಿಡಿ. 5.50ಕ್ಕೆ ಬಾಗಿಲಿಗೆ ಬೀಗ. ತಿಂಡಿ, ಡಬ್ಬಿ ಮನೆಯಲ್ಲೇ ಆಗಬೇಕು ಎಂದರೆ ಏಳುವುದು 4.40ಕ್ಕೆ. ಆಗ ಮೈಸೂರಿನಲ್ಲಿ 6.10, ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ.

ಮನೆಯ ಬಾಗಿಲಿನಿಂದ ಶಾಲೆಯ ಗೇಟಿಗೆ 45 ನಿಮಿಷ ಮೀರಿದರೆ ಆ ಏರಿಯಾವನ್ನು ಪಟ್ಟಿಯಿಂದ ತೆಗೆದುಬಿಡಿ. ಒಂದು ಗಂಟೆ ಮೇಲಾದರೆ ತಿದ್ದುವ ಪುಸ್ತಕ, ಪಾಠ ಯೋಜನೆ ಎಲ್ಲವೂ ನಿದ್ದೆಯಿಂದ ಕಿತ್ತುಕೊಂಡ ಹೊತ್ತಿನಲ್ಲೇ ಆಗಬೇಕು.

ಮೈಸೂರಿನಲ್ಲಿ ಕೂತೇ ಇದನ್ನು ಪರೀಕ್ಷಿಸಬಹುದು. ಗೂಗಲ್ ಮ್ಯಾಪಿನಲ್ಲಿ ಶಾಲೆಯ ವಿಳಾಸ ಹಾಕಿ, ‘ಮಂಗಳವಾರ ಬೆಳಿಗ್ಗೆ 7ಕ್ಕೆ ತಲುಪಬೇಕು’ ಎಂದು ಸಮಯ ಕೊಟ್ಟು, ಒಂದೊಂದೇ ಏರಿಯಾದಿಂದ ದಾರಿ ನೋಡಿ. ಶುಕ್ರವಾರ ಬೇಡ. ದುಬೈನಲ್ಲಿ ಶುಕ್ರವಾರ ಶಾಲೆ ಮಧ್ಯಾಹ್ನದ ಪ್ರಾರ್ಥನೆಗೆ ಮುಂಚೆಯೇ ಮುಗಿಯುತ್ತದೆ, ಶಾರ್ಜಾದಲ್ಲಿ 2022ರಿಂದ ಶುಕ್ರ, ಶನಿ, ಭಾನು ಮೂರೂ ದಿನ ರಜೆ. ಹಾಗೆಯೇ ಜುಲೈ–ಆಗಸ್ಟಿನಲ್ಲಿ ಮನೆ ನೋಡಲು ಹೋದವರು ರಸ್ತೆ ನೋಡಿ ಮೋಸಹೋಗುತ್ತಾರೆ. ಬೇಸಿಗೆ ರಜೆಗೆ ಶಾಲಾ ಬಸ್ಸುಗಳೇ ಇರುವುದಿಲ್ಲ, ಕುಟುಂಬಗಳು ಊರಿಗೆ ಹೋಗಿರುತ್ತವೆ. 18 ನಿಮಿಷಕ್ಕೆ ತಲುಪಿದ ಅದೇ ದಾರಿ ಸೆಪ್ಟೆಂಬರಿನಲ್ಲಿ 50 ನಿಮಿಷ ಹಿಡಿಯುತ್ತದೆ. ರಂಜಾನ್ ತಿಂಗಳಲ್ಲೂ ಶಾಲೆ, ಕಚೇರಿಗಳ ಸಮಯ ಬದಲಾಗುವುದರಿಂದ ಆಗಿನ ರಸ್ತೆ ನೋಡಿ ತೀರ್ಮಾನ ಮಾಡುವಂತಿಲ್ಲ.

‘ಆಮೇಲೆ ಕಾರು ತಗೊಂಡರಾಯ್ತು’ ಎಂಬ ಯೋಚನೆ ಇದ್ದರೆ, ನಮ್ಮ ಭಾರತದ ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಂಡು ಅಲ್ಲಿನ ನಿವಾಸಿಯಾಗಿ ಗಾಡಿ ಓಡಿಸುವಂತಿಲ್ಲ ಎಂಬುದು ಗೊತ್ತಿರಲಿ. ಅಲ್ಲಿನ ಪರೀಕ್ಷೆ ಪಾಸು ಮಾಡಬೇಕು, ಅದಕ್ಕೆ ಹಣವೂ ತಿಂಗಳುಗಳೂ ಬೇಕು. ಮೊದಲ ವರ್ಷ ಕಾರಿಲ್ಲ ಎಂದೇ ಲೆಕ್ಕ ಹಾಕಿ. ಕಾರು ಬಂದ ಮೇಲೂ ಸಾಲಿಕ್ ಟೋಲ್ ಇದೆ: 2025ರ ಜನವರಿ ಕೊನೆಯಿಂದ ಬೆಳಿಗ್ಗೆ 6–10 ಮತ್ತು ಸಂಜೆ 4–8ರ ನಡುವೆ ಒಂದು ಗೇಟಿಗೆ 6 ದಿರ್ಹಂ, ಉಳಿದ ಹೊತ್ತು 4, ನಡುರಾತ್ರಿ 1ರಿಂದ ಬೆಳಿಗ್ಗೆ 6ರವರೆಗೆ ಉಚಿತ. ಭಾನುವಾರ ಬೆಳಿಗ್ಗೆ 6ರಿಂದ ಎಲ್ಲ ಹೊತ್ತೂ 4. ಶಿಕ್ಷಕರು ದುಬಾರಿ ಹೊತ್ತಿನಲ್ಲೇ ಹೊರಡುವವರು.

ಒಂದೇ ಹೆಸರು, ಎರಡು ಸರ್ಕಾರ

ದುಬೈ, ಶಾರ್ಜಾ ಎರಡೂ ಯುಎಇ ದೇಶದ ಬೇರೆ ಬೇರೆ ಎಮಿರೇಟುಗಳು, ಒಂದೊಂದಕ್ಕೂ ತನ್ನದೇ ಸರ್ಕಾರ. ಅಲ್ ನಹ್ದಾ ಎಂಬ ಏರಿಯಾ ದುಬೈನಲ್ಲೂ ಇದೆ, ಶಾರ್ಜಾದಲ್ಲೂ ಇದೆ, ಎರಡೂ ಅಕ್ಕಪಕ್ಕ. ಶಾರ್ಜಾ ಕಡೆಯ ಬಾಲ್ಕನಿಯಲ್ಲಿ ನಿಂತರೆ ದುಬೈ ಕಡೆಯ ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ ಕಾಣುತ್ತದೆ. ಜಾಹೀರಾತಿನಲ್ಲಿ ಬರೀ ‘ಅಲ್ ನಹ್ದಾ, ಮೆಟ್ರೊ ಹತ್ತಿರ’ ಎಂದಿದ್ದರೆ ಯಾವ ನಹ್ದಾ ಎಂದು ಮೊದಲು ಕೇಳಿ. ಕರೆಂಟು ನೀರಿನ ಬಿಲ್ಲು ದುಬೈ ಕಡೆ ದೇವಾ, ಶಾರ್ಜಾ ಕಡೆ ಸೇವಾ (ಎರಡೂ ಇಲಾಖೆಗಳ ಇಂಗ್ಲಿಷ್ ಮೊದಲಕ್ಷರಗಳು, ನಮ್ಮ ಕಿವಿಗೆ ಮಾತ್ರ ಭಕ್ತಿಯ ಮಾತಿನಂತೆ ಕೇಳಿಸುತ್ತವೆ). ಬಾಡಿಗೆ ಕಾನೂನು ಬೇರೆ, ವಾರದ ರಜೆ ಬೇರೆ. ದುಬೈಯಿಂದ ಶಾರ್ಜಾಕ್ಕೆ ಟ್ಯಾಕ್ಸಿ ಹತ್ತಿದರೆ ಗಡಿ ದಾಟಿದ್ದಕ್ಕೇ ಮೀಟರಿನ ಮೇಲೆ 20 ದಿರ್ಹಂ ಹೆಚ್ಚು. ಶಾಲೆ ಅಲ್ ಕುಸೈಸ್ ಅಥವಾ ಮುಹೈಸ್ನಾದಲ್ಲಿದ್ದು, ಶಾಲಾ ಬಸ್ಸು ಶಾರ್ಜಾ ನಹ್ದಾಕ್ಕೆ ಬರುತ್ತದೆ ಎಂದಾದರೆ ಮಾತ್ರ ಶಾರ್ಜಾ ಕಡೆಯ ಕಡಿಮೆ ಬಾಡಿಗೆ ನಿಜವಾದ ಲಾಭ. ಬಸ್ಸಿಲ್ಲದಿದ್ದರೆ ದುಬೈ ಕಡೆಯೇ ಇರಿ. ಅಲ್ಲಿ ಸ್ಟೇಡಿಯಂ, ಅಲ್ ನಹ್ದಾ, ಅಲ್ ಕುಸೈಸ್ ಮೆಟ್ರೊ ನಿಲ್ದಾಣಗಳಿವೆ, ಮೂರೂ ಹಸಿರು ಮಾರ್ಗದಲ್ಲಿ.

ದುಬೈನ ಕುಸೈಸ್, ಮುಹೈಸ್ನಾ, ನಹ್ದಾ ಸುತ್ತ ಭಾರತೀಯ ಶಾಲೆಗಳು ಗುಂಪಾಗಿವೆ. ಮೈಸೂರಿನವರಿಗೆ ಹೇಳುವುದಾದರೆ ಇದು ಆ ಊರಿನ ಕುವೆಂಪುನಗರ: ಸಂಸಾರಸ್ಥರ ಏರಿಯಾ, ತರಕಾರಿ ಅಂಗಡಿ, ಟ್ಯೂಷನ್ನು, ಸಂಜೆ ಪಾರ್ಕು. ರಾಗಿಹಿಟ್ಟು, ತೊಗರಿಬೇಳೆ, ಕರಿಬೇವು ಕೆಳಗಿನ ಅಂಗಡಿಯಲ್ಲೇ ಸಿಗುತ್ತದೆ. ಇಲ್ಲಿನ ಶಾಲೆಗೆ ಕೆಲಸಕ್ಕೆ ಹೋಗುವವರು ಬೇರೆ ಕಡೆ ಹುಡುಕುವ ಕಷ್ಟ ಪಡಬೇಕಿಲ್ಲ.

ಶಾಲೆ ಊದ್ ಮೇಥಾದಲ್ಲಿದ್ದರೆ ಕರಾಮಾ, ಮನ್‌ಖೂಲ್, ಬರ್ ದುಬೈ ನೋಡಿ. ಹಳೆಯ ಊರು, ತಗ್ಗಿನ ಕಟ್ಟಡಗಳು, ನಡೆದು ಹೋಗುವಷ್ಟು ದೂರದಲ್ಲಿ ಎಲ್ಲವೂ. ದೇವರಾಜ ಮಾರುಕಟ್ಟೆ, ಶಿವರಾಂಪೇಟೆಯ ಗಲಾಟೆಯಲ್ಲಿ ಬೆಳೆದವರಿಗೆ ಕರಾಮಾದಲ್ಲಿ ಮೊದಲ ದಿನವೇ ಮನಸ್ಸು ಹತ್ತುತ್ತದೆ. ಉಡುಪಿ ಹೋಟೆಲಿನ ಕಾಫಿ, ಮೀನಾ ಬಜಾರ್, ಬರ್ ದುಬೈನ ಕೃಷ್ಣ ಮಂದಿರ ಎಲ್ಲ ಕೈಗೆಟಕುವಂತಿವೆ. (ಅಲ್ಲಿದ್ದ ಶಿವ ಮಂದಿರ ಈಗ ಜೆಬೆಲ್ ಅಲಿಗೆ ಹೋಗಿದೆ. ಜೆಬೆಲ್ ಅಲಿಯ ದೊಡ್ಡ ದೇವಸ್ಥಾನ ತೆರೆದಿದ್ದು 2022ರ ಅಕ್ಟೋಬರಿನಲ್ಲಿ.) ಕೊರತೆ ಏನೆಂದರೆ ಕಟ್ಟಡಗಳಿಗೆ ವಯಸ್ಸಾಗಿದೆ. ಕೊಳಾಯಿ, ಎಸಿ, ಜಿರಲೆ ಮೂರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು.

ಇಂಟರ್‌ನ್ಯಾಷನಲ್ ಸಿಟಿ ಎಂಬ ಹೆಸರು ಕೇಳಿ ಮೋಸಹೋಗುವವರು ಹೆಚ್ಚು. ಬಾಡಿಗೆ ಕಡಿಮೆ ಎಂಬುದು ನಿಜ. ಮೆಟ್ರೊ ಇಲ್ಲ, ಬಸ್ಸಿಗೆ ಕಾಯಬೇಕು, ವರ್ಸಾನ್‌ನ ಕೊಳಚೆ ನೀರು ಶುದ್ಧೀಕರಣ ಘಟಕ ಹತ್ತಿರ ಇರುವುದರಿಂದ ಗಾಳಿ ತಿರುಗಿದಾಗ ಕೆಲವು ಕ್ಲಸ್ಟರುಗಳಿಗೆ (ಕಟ್ಟಡಗಳ ಗುಂಪುಗಳಿಗೆ) ವಾಸನೆ ಬರುತ್ತದೆ. ‘ನೀಲಿ ಮೆಟ್ರೊ ಬರ್ತಾ ಇದೆ’ ಎಂದು ಬ್ರೋಕರ್ ಹೇಳುತ್ತಾನೆ, ಸುಳ್ಳಲ್ಲ. ಆದರೆ ಅದು ಓಡಲು ಗುರಿ ಇಟ್ಟುಕೊಂಡಿರುವುದು 2029ಕ್ಕೆ. ರಿಂಗ್ ರೋಡಿನ ಆಚೆ ಸೈಟು ತೋರಿಸುತ್ತಾ ‘ಇನ್ನೆರಡು ವರ್ಷಕ್ಕೆ ಇಲ್ಲಿ ಎಲ್ಲಾ ಬರುತ್ತೆ ಸಾರ್’ ಅನ್ನುವವರನ್ನು ನೋಡಿದ ನಮಗೆ ಈ ಮಾತಿನ ತೂಕ ಗೊತ್ತು. ಶಾಲೆ ಸಿಲಿಕಾನ್ ಓಯಸಿಸ್ ಕಡೆ ಇದ್ದು, ಬಸ್ಸೂ ಇದ್ದರೆ ಮಾತ್ರ ಯೋಚಿಸಿ.

ಜೆಬೆಲ್ ಅಲಿ ಕಡೆಯ ಶಾಲೆಗೆ ಡಿಸ್ಕವರಿ ಗಾರ್ಡನ್ಸ್ ಸರಿ, ಮೆಟ್ರೊ ನಿಲ್ದಾಣ ಅದರ ಬಾಗಿಲಲ್ಲೇ ಇದೆ. ಅಲ್ಲಿಂದ ಕುಸೈಸಿನ ಶಾಲೆಗೆ ಮಾತ್ರ ಹೋಗಲು ಒಪ್ಪಬೇಡಿ, ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಮೆಟ್ರೊ ನಂಬುವವರಿಗೆ ಒಂದು ಮಾತು: ಭಾನುವಾರ ಬಿಟ್ಟರೆ ಬೆಳಿಗ್ಗೆ 5ಕ್ಕೇ ರೈಲು ಶುರುವಾಗುತ್ತದೆ, ದೂರ ನೋಡಿಕೊಂಡು 3, 5 ಅಥವಾ 7.50 ದಿರ್ಹಂ ಟಿಕೆಟ್. ಸಮಸ್ಯೆ ರೈಲಿನದ್ದಲ್ಲ, ಇಳಿದ ಮೇಲಿನ ಒಂದೂವರೆ ಕಿಲೋಮೀಟರಿನದ್ದು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬೆಳಿಗ್ಗೆ 6.30ಕ್ಕೇ ಬೆವರು ಇಳಿಯುತ್ತದೆ. 35 ನೋಟ್‌ಬುಕ್ಕಿನ ಕಟ್ಟು ಹೊತ್ತು ಮರಳಿನ ಪಕ್ಕ ನಡೆದು ಹೋದರೆ ಮೊದಲ ಪೀರಿಯಡ್ಡಿಗೆ ಮುಂಚೆಯೇ ದಿನ ಮುಗಿದಂತಾಗುತ್ತದೆ. ನಿಲ್ದಾಣದಿಂದ ಶಾಲೆಗೆ ಫೀಡರ್ ಬಸ್ ಇದೆಯೇ ನೋಡಿ.

ಶಾಲೆಯೇ ಶಾರ್ಜಾದಲ್ಲಿದ್ದರೆ ಕಥೆ ಬೇರೆ. ಮುವೈಲಿಹ್ ಕಡೆ ಶಾಲೆಗಳದ್ದೇ ಒಂದು ವಲಯ ಇದೆ, ಸುತ್ತ ಹೊಸ ಕಟ್ಟಡಗಳು. ನಮ್ಮ ಬೋಗಾದಿ ರಿಂಗ್ ರೋಡ್ ಆಚೆಯ ಬಡಾವಣೆಗಳ ಹಾಗೆ, ಮನೆ ದೊಡ್ಡದು, ಪೇಟೆ ದೂರ. ಅಲ್ ಮಜಾಜ್, ಅಲ್ ಕಾಸಿಮಿಯಾ ಕಡೆ ಪೇಟೆ ಹತ್ತಿರ, ಆದರೆ 2024ರ ಏಪ್ರಿಲ್ 16ರ ಮಳೆಗೆ ಅಲ್ಲಿ ದಿನಗಟ್ಟಲೆ ನೀರು ನಿಂತಿತ್ತು. ಕಟ್ಟಡ ನೋಡುವಾಗ ವಾಚ್‌ಮನ್‌ನನ್ನು ‘ಆಗ ಲಿಫ್ಟು ಎಷ್ಟು ದಿನ ನಿಂತಿತ್ತು’ ಎಂದು ಕೇಳಿ. ಮಾಲೀಕರಿಗಿಂತ ಅವನ ಉತ್ತರ ನೇರವಾಗಿರುತ್ತದೆ.

ಅಬುಧಾಬಿಗೆ ಹೊರಟವರಿಗೆ ಇಷ್ಟು ಸಾಕು: ಮುಸಫ್ಫಾ ಕಡೆ ಶಾಲೆಯಾದರೆ ಅಲ್ಲೇ ಶಾಬಿಯಾದಲ್ಲಿ ಮನೆ ಮಾಡಿ. ದ್ವೀಪದೊಳಗಿನ ಹಮ್ದಾನ್ ಸ್ಟ್ರೀಟು, ಎಲೆಕ್ಟ್ರಾ ಕಡೆಯಿಂದ ದಿನಾ ಮುಸಫ್ಫಾಕ್ಕೆ ಓಡಾಡುವುದು ಬೇಡ.

ದುಡ್ಡಿನ ವಿಷಯ: ಅಡ್ವಾನ್ಸ್ ಕಡಿಮೆ, ಮೊದಲ ದಿನದ ಖರ್ಚು ಜಾಸ್ತಿ

ಮೈಸೂರಿನಲ್ಲಿ ಬಾಡಿಗೆ ಎಂದರೆ ತಿಂಗಳ ಲೆಕ್ಕ, ಜೊತೆಗೆ ಹಲವು ತಿಂಗಳ ಅಡ್ವಾನ್ಸು. ಅಲ್ಲಿ ಬಾಡಿಗೆ ವರ್ಷದ ಲೆಕ್ಕ. ಅದನ್ನು 1, 2, 4, 6 ಅಥವಾ 12 ಮುಂದಿನ ತಾರೀಖಿನ ಚೆಕ್ಕುಗಳಲ್ಲಿ ಕೊಡಬೇಕು. ಚೆಕ್ಕು ಕಡಿಮೆಯಾದಷ್ಟೂ ಬಾಡಿಗೆ ಇಳಿಸಲು ಮಾಲೀಕರು ಒಪ್ಪುತ್ತಾರೆ.

ಲೆಕ್ಕ ಅರ್ಥವಾಗಲಿ ಎಂದು ದುಬೈನಲ್ಲಿ ವರ್ಷಕ್ಕೆ 48,000 ದಿರ್ಹಂನ ಮನೆ ಹಿಡಿಯೋಣ, ನಾಲ್ಕು ಚೆಕ್ಕು. ಮೊದಲ ಚೆಕ್ 12,000. ಠೇವಣಿ ಖಾಲಿ ಮನೆಗೆ ಶೇ 5, ಅಂದರೆ 2,400 (ಸಾಮಾನು ಸಮೇತವಾದರೆ ಶೇ 10). ಬ್ರೋಕರ್ ಕಮಿಷನ್ ಸಾಮಾನ್ಯವಾಗಿ ಶೇ 5, ಮೇಲೆ ವ್ಯಾಟ್ ಸೇರಿ 2,520. ಕರಾರಿನ ನೋಂದಣಿ, ಅಂದರೆ ಇಜಾರಿ, ಸುಮಾರು 220. (ನಮ್ಮ ಹಳೆಯ ಕಂದಾಯ ಕಾಗದಗಳಲ್ಲಿ ಬರುವ ‘ಇಜಾರೆ’ಯ ನೆಂಟ ಈ ಪದ.) ದೇವಾ ಠೇವಣಿ ಫ್ಲ್ಯಾಟಿಗೆ 2,000, ಸಂಪರ್ಕ ಶುಲ್ಕ ನೂರ ಚಿಲ್ಲರೆ. ಎಲ್ಲ ಕೂಡಿದರೆ ಬೀಗದ ಕೈ ಕೈಗೆ ಬರುವ ಮೊದಲೇ 19,000 ದಿರ್ಹಂ ದಾಟುತ್ತದೆ. ಹಾಸಿಗೆ, ಫ್ರಿಜ್ಜು, ವಾಷಿಂಗ್ ಮಷಿನ್ನು ಇನ್ನೂ ಬಂದಿಲ್ಲ.

ತಿಂಗಳ ಬಿಲ್ಲಿನಲ್ಲೂ ಒಂದು ಅಡಗಿದ ಲೆಕ್ಕ ಇದೆ. ದುಬೈನಲ್ಲಿ ವರ್ಷದ ಬಾಡಿಗೆಯ ಶೇ 5ರಷ್ಟು ಹೌಸಿಂಗ್ ಫೀಯನ್ನು 12 ಭಾಗ ಮಾಡಿ ದೇವಾ ಬಿಲ್ಲಿಗೆ ಸೇರಿಸುತ್ತಾರೆ. ಮೇಲಿನ ಉದಾಹರಣೆಗೆ ತಿಂಗಳಿಗೆ 200. ಎಸಿ ಹಾಕದೆ ಬಾಗಿಲು ಮುಚ್ಚಿದ್ದರೂ ಇದು ಬರುತ್ತದೆ. ಎಸಿಯದ್ದೇ ಇನ್ನೊಂದು ಪ್ರಶ್ನೆ: ‘ಚಿಲ್ಲರ್ ಫ್ರೀ’ ಎಂದರೆ ತಂಪಿನ ಖರ್ಚು ಮಾಲೀಕರದ್ದು. ಹಾಗೆ ಬರೆದಿಲ್ಲದಿದ್ದರೆ ತಂಪಿಗೆ ಬೇರೆ ಕಂಪನಿಯ ಬೇರೆ ಬಿಲ್ಲು, ಬೇರೆ ಠೇವಣಿ ಇರಬಹುದು. ವರ್ಷಕ್ಕೆ 3,000 ಕಡಿಮೆ ಬಾಡಿಗೆಯ ಮನೆ ಬೇಸಿಗೆಯ ನಾಲ್ಕು ತಿಂಗಳಲ್ಲಿ ಅದನ್ನೆಲ್ಲ ವಾಪಸು ಕಿತ್ತುಕೊಳ್ಳುತ್ತದೆ.

ಮೈಸೂರಿನಿಂದಲೇ ಸಹಿ ಹಾಕಬೇಡಿ

ಹಾಕಲು ಹೊರಟರೂ ಸುಲಭವಾಗುವುದಿಲ್ಲ. ಚೆಕ್ ಪುಸ್ತಕ ಬೇಕು, ಅದಕ್ಕೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಎಮಿರೇಟ್ಸ್ ಐಡಿ (ಅಲ್ಲಿನ ನಿವಾಸಿಗಳ ಗುರುತಿನ ಚೀಟಿ) ಬೇಕು, ಐಡಿಗೆ ಮೆಡಿಕಲ್ ಆಗಬೇಕು. ಈ ಸರಪಳಿಗೆ ಆರೇಳು ವಾರ ಹಿಡಿದರೂ ಹಿಡಿದೀತು. ಅಷ್ಟು ದಿನ ಶಾಲೆಯ ವಸತಿಯಲ್ಲೋ, ತಿಂಗಳ ಬಾಡಿಗೆಯ ಕೋಣೆಯಲ್ಲೋ ಇರಿ, ಶಾಲೆಗೆ ಹತ್ತಿರ ಇದ್ದರೆ ಸಾಕು, ಚೆಂದ ಇರಬೇಕಿಲ್ಲ. ಸ್ಟಾಫ್ ರೂಮಿನಲ್ಲಿ ಯಾರು ಎಲ್ಲಿಂದ ಬರುತ್ತಾರೆ, ಎಷ್ಟಕ್ಕೆ ಏಳುತ್ತಾರೆ ಎಂದು ಎರಡು ವಾರ ಕೇಳಿಸಿಕೊಂಡರೆ ಯಾವ ವೆಬ್‌ಸೈಟೂ ಹೇಳದ್ದು ತಿಳಿಯುತ್ತದೆ.

ಕೋಣೆ ಹಂಚಿಕೊಳ್ಳುವಾಗ ಎಚ್ಚರ ಬೇಕು. ಹಾಲಿಗೆ ಪ್ಲೈವುಡ್ ಅಡ್ಡ ಹಾಕಿ ಮಾಡಿದ ‘ಪಾರ್ಟಿಷನ್’ ಅನುಮತಿ ಇಲ್ಲದ್ದಾದರೆ ಕಾನೂನುಬಾಹಿರ. 2025ರಲ್ಲಿ ದುಬೈ ನಗರಸಭೆ ಹಲವು ಏರಿಯಾಗಳಲ್ಲಿ ಇಂಥವನ್ನು ತೆಗೆಸಿತು, ಒಳಗಿದ್ದವರು ರಾತ್ರೋರಾತ್ರಿ ಜಾಗ ಹುಡುಕಬೇಕಾಯಿತು. ಸರಿಯಾದ ಹಂಚಿಕೆಯಲ್ಲಿ ಮೂಲ ಬಾಡಿಗೆದಾರರು ನಿಮ್ಮ ಹೆಸರನ್ನು ಸಹವಾಸಿಯಾಗಿ ನೋಂದಾಯಿಸುತ್ತಾರೆ, 2022ರಿಂದ ದುಬೈನಲ್ಲಿ ಇದು ಕಡ್ಡಾಯ. ‘ಅದೆಲ್ಲಾ ಬೇಡ ಬಿಡಿ’ ಅನ್ನುವವರ ಮನೆ ಬೇಡ. ಶಾರ್ಜಾದಲ್ಲಿ ಕುಟುಂಬಗಳ ಏರಿಯಾದಲ್ಲಿ ಒಂಟಿ ಗಂಡಸರಿಗೆ ಮನೆ ಸಿಗುವುದು ಕಷ್ಟ. ಒಬ್ಬರೇ ಬರುವ ಮೇಡಂಗಳು ‘ಫ್ಯಾಮಿಲಿ ಬಿಲ್ಡಿಂಗ್’ನಲ್ಲಿ ಇನ್ನಿಬ್ಬರು ಶಿಕ್ಷಕಿಯರ ಜೊತೆ ಫ್ಲ್ಯಾಟ್ ಹಿಡಿಯುವುದು ಹೆಚ್ಚು ನಡೆದ ದಾರಿ.

ಮನೆಯವರನ್ನು ಆಮೇಲೆ ಕರೆಸಿಕೊಳ್ಳುವ ಯೋಚನೆ ಇದ್ದರೆ ನಿಮ್ಮ ಹೆಸರಿನಲ್ಲಿ ನೋಂದಾಯಿತ ಕರಾರು ಬೇಕಾಗುತ್ತದೆ. ಸಂಬಳವೂ ಕನಿಷ್ಠ 4,000 ದಿರ್ಹಂ, ಅಥವಾ 3,000 ಮತ್ತು ವಸತಿ ಇರಬೇಕು.

ಊರಿನಲ್ಲಿ ಕೂತು ಮನೆ ನೋಡಬೇಕಾಗಿ ಬಂದರೆ, ಅಲ್ಲಿನ ನಂಟರಿಗೆ ವಾಟ್ಸಾಪ್ ವಿಡಿಯೋ ಕಾಲ್ ಮಾಡಿ ಎಂದರೆ ಆಗದು, ಆ ದೇಶದಲ್ಲಿ ವಾಟ್ಸಾಪ್ ಕರೆಗೆ ತಡೆ ಇದೆ. ಝೂಮ್ ಅಥವಾ ಗೂಗಲ್ ಮೀಟ್ ಬಳಸಿ. ಜಾಹೀರಾತಿನಲ್ಲಿ ಪರ್ಮಿಟ್ ನಂಬರ್, ಬ್ರೋಕರ್ ನೋಂದಣಿ ನಂಬರ್ ಇರಬೇಕು, ಎರಡನ್ನೂ ಸರ್ಕಾರದ ‘ದುಬೈ ರೆಸ್ಟ್’ ಆ್ಯಪಿನಲ್ಲಿ ತಾಳೆ ನೋಡಬಹುದು. ಮನೆ ತೋರಿಸುವ ಮೊದಲೇ ‘ಬುಕಿಂಗ್’ ಎಂದು ಹಣ ಕೇಳಿದರೆ ಮಾತು ಅಲ್ಲಿಗೇ ಮುಗಿಸಿ.

ಮನೆಯೊಳಗೆ ಕಾಲಿಟ್ಟಾಗ

ಎರಡು ಸಲ ನೋಡಿ: ಒಮ್ಮೆ ಬೆಳಿಗ್ಗೆ 6ಕ್ಕೆ ಲಿಫ್ಟಿನ ಮುಂದೆ, ಇನ್ನೊಮ್ಮೆ ಮಧ್ಯಾಹ್ನ 3.30ಕ್ಕೆ ಮನೆಯೊಳಗೆ. ಪೂರ್ವದ ಬಾಗಿಲು ಬೇಕೇ ಬೇಕು ಎನ್ನುವವರು ಹುಡುಕಿಕೊಳ್ಳಲಿ, ಆದರೆ ಪಶ್ಚಿಮಕ್ಕೆ ದೊಡ್ಡ ಗಾಜು ಇದೆಯೇ ಎಂಬುದನ್ನು ಮೊದಲು ನೋಡಲಿ. ಆ ಗಾಜಿನ ಮೇಲೆ ಅಂಗೈ ಇಡಿ. ಏಪ್ರಿಲಿನಲ್ಲೇ ಕೈ ಹಿಂತೆಗೆಯುವಷ್ಟು ಬಿಸಿ ಇದ್ದರೆ ಜುಲೈನಲ್ಲಿ ಆ ಕೋಣೆಯಲ್ಲಿ ಕೂತು ಪೇಪರ್ ತಿದ್ದುವುದು ಎಸಿಯ ಕರುಣೆಗೆ ಬಿಟ್ಟಿದ್ದು.

ಅಡುಗೆ ಮನೆಯಲ್ಲಿ ಒಲೆ ಯಾವುದು ಎಂದು ಕೇಳಿ. ಕೆಲವು ಕಟ್ಟಡಗಳಲ್ಲಿ ಪೈಪ್ ಗ್ಯಾಸು, ಹಳೆಯ ಕಡೆ ಸಿಲಿಂಡರು, ಕೆಲವು ಕಡೆ ಬರೀ ಎಲೆಕ್ಟ್ರಿಕ್ ಒಲೆ. ಅದರ ಮೇಲೆ ಮುದ್ದೆ ಆಗುತ್ತದೆ, ಬೆಂಕಿಯಲ್ಲಿ ಉಬ್ಬುವ ಫುಲ್ಕಾ ಆಗುವುದಿಲ್ಲ, ಒಗ್ಗರಣೆಗೂ ತಾಳ್ಮೆ ಬೇಕು. ನೀರಿನ ಟ್ಯಾಂಕ್ ತಾರಸಿ ಮೇಲಿದ್ದರೆ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲೇ ಸುಡುವ ನೀರು ಬರುತ್ತದೆ. ಹಳಬರು ಗೀಸರ್ ಆಫ್ ಮಾಡಿ, ಅದರಲ್ಲಿ ತುಂಬಿ ತಣಿದ ನೀರನ್ನೇ ಬಿಸಿನೀರಿನ ನಲ್ಲಿಯಿಂದ ಬಿಟ್ಟುಕೊಂಡು ಸ್ನಾನ ಮಾಡುತ್ತಾರೆ.

ಒಳಗೆ ಬರುವ ದಿನ ಗೋಡೆಯ ಗೀರು, ಎಸಿಯ ಸೋರಿಕೆ, ಬಾತ್‌ರೂಮಿನ ಒಡೆದ ಟೈಲು ಎಲ್ಲದರ ಫೋಟೊ ತೆಗೆದು ಮಾಲೀಕರಿಗೆ ಇಮೇಲ್ ಮಾಡಿ. ಬಿಟ್ಟು ಹೋಗುವಾಗ ಠೇವಣಿಯಲ್ಲಿ ಪೇಂಟಿಂಗ್ ಎಂದು ಹಿಡಿಯುವವರಿಗೆ ಆ ಇಮೇಲೇ ಉತ್ತರ.

ಕರಾರಿನಲ್ಲಿ ಬರೆಸಬೇಕಾದ ಒಂದು ಸಾಲು

ಅಲ್ಲಿನ ಕಾರ್ಮಿಕ ಕಾನೂನಿನಂತೆ ಪ್ರೊಬೇಷನ್ 6 ತಿಂಗಳವರೆಗೆ ಇರಬಹುದು, ಆ ಅವಧಿಯಲ್ಲಿ ಶಾಲೆ 14 ದಿನಗಳ ನೋಟಿಸ್ ಕೊಟ್ಟು ಬಿಡಿಸಬಹುದು. ಮನೆಯ ಕರಾರು ಮಾತ್ರ ಒಂದು ವರ್ಷದ್ದು. ಈ ಎರಡು ಅವಧಿಗಳ ನಡುವೆ ಸಿಕ್ಕಿಹಾಕಿಕೊಳ್ಳುವ ಶಿಕ್ಷಕರೇ ಹೆಚ್ಚು ಹಣ ಕಳೆದುಕೊಳ್ಳುವುದು. ‘ಬಾಡಿಗೆದಾರರು 60 ದಿನ ಮೊದಲು ತಿಳಿಸಿ, ಎರಡು ತಿಂಗಳ ಬಾಡಿಗೆ ದಂಡ ಕೊಟ್ಟು ಬಿಡಬಹುದು, ಉಳಿದ ಚೆಕ್ಕುಗಳನ್ನು ಮಾಲೀಕರು ಹಿಂದಿರುಗಿಸಬೇಕು’ ಎಂಬ ಅರ್ಥದ ಸಾಲು ಸೇರಿಸಲು ಕೇಳಿ. ದಂಡ ಒಂದು ತಿಂಗಳಿಗೆ ಇಳಿದರೆ ಇನ್ನೂ ಒಳ್ಳೆಯದು. ಬರೆದಿಲ್ಲದಿದ್ದರೆ ಮಧ್ಯದಲ್ಲಿ ಬಿಡುವುದು ಪೂರ್ತಿ ಮಾಲೀಕರ ಮರ್ಜಿ.

ಬಾಡಿಗೆ ಏರಿಕೆಗೆ ದುಬೈನಲ್ಲಿ 2013ರ 43ನೇ ಆದೇಶದ ಮಿತಿ ಇದೆ. ನಿಮ್ಮ ಬಾಡಿಗೆ ಆ ಏರಿಯಾದ ಸೂಚ್ಯಂಕಕ್ಕಿಂತ (ಅಂಥದ್ದೇ ಮನೆಗಳ ಸರಾಸರಿ ಬಾಡಿಗೆಗಿಂತ) ಶೇ 10ರವರೆಗೆ ಮಾತ್ರ ಕಡಿಮೆ ಇದ್ದರೆ ಏರಿಸುವಂತಿಲ್ಲ. ಶೇ 11–20 ಕಡಿಮೆ ಇದ್ದರೆ ಶೇ 5ರವರೆಗೆ, 21–30 ಇದ್ದರೆ ಶೇ 10, 31–40 ಇದ್ದರೆ ಶೇ 15, ಅದಕ್ಕೂ ಕಡಿಮೆ ಇದ್ದರೆ ಶೇ 20ರವರೆಗೆ ಏರಿಸಬಹುದು. ಏರಿಸುವುದಾದರೂ ಕರಾರು ಮುಗಿಯುವ 90 ದಿನ ಮೊದಲು ತಿಳಿಸಬೇಕು. ಶಾರ್ಜಾದಲ್ಲಿ 2024ರ ಕಾನೂನಿನಂತೆ ಕರಾರು ಶುರುವಾದ ಮೂರು ವರ್ಷ ಬಾಡಿಗೆ ಏರಿಸುವಂತಿಲ್ಲ, ಕರಾರನ್ನು 15 ದಿನದೊಳಗೆ ನಗರಸಭೆಯಲ್ಲಿ ದೃಢೀಕರಿಸಿರಬೇಕು.

ಭಾರತೀಯ ಶಾಲೆಗಳ ವರ್ಷ ಅಲ್ಲೂ ಏಪ್ರಿಲಿನಿಂದ ಮಾರ್ಚ್‌ವರೆಗೆ. ಸಾಧ್ಯವಾದರೆ ಮನೆಯ ಕರಾರೂ ಮೇ ಅಥವಾ ಜೂನಿನಲ್ಲಿ ಶುರುವಾಗುವಂತೆ ನೋಡಿಕೊಳ್ಳಿ. ಆಗ ಶಾಲೆ ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುತ್ತದೋ ಇಲ್ಲವೋ ಎಂಬುದು ತಿಳಿಯುವ ಹೊತ್ತಿಗೆ ಮನೆಯದ್ದೂ ತೀರ್ಮಾನಕ್ಕೆ ಬಂದಿರುತ್ತದೆ. ಆಗಸ್ಟಿನ ಕರಾರಾದರೆ 90 ದಿನದ ಗಡುವು ಮೇ ತಿಂಗಳಿಗೆ ಬೀಳುತ್ತದೆ. ಆ ತಾರೀಖನ್ನು ಫೋನಿನಲ್ಲೂ ಹಾಕಿ, ಮೈಸೂರಿನ ಮನೆಯ ಗೋಡೆ ಕ್ಯಾಲೆಂಡರಿನಲ್ಲೂ ಗುರುತು ಹಾಕಿಸಿ. ನೀವು ಮರೆತರೂ ಅಮ್ಮ ಫೋನ್ ಮಾಡಿ ನೆನಪಿಸುತ್ತಾರೆ.